ನೊಣ ಕಟ್ಟುತ್ತಾ ಕಳೆದ 88 ದಿನ

ನಮ್ಮ ಕಡೆ ಯಾರಾದರೂ ಕೆಲಸವಿಲ್ಲದೆ ಕೂತರೆ ‘ನೊಣ ಹೊಡೀತಾ ಕೂತಿದಾನೆ’ ಅಂತಾರೆ. 2023ರ ಬೇಸಿಗೆಯಲ್ಲಿ ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ನೊಣ ಕಟ್ಟುತ್ತಿದ್ದೆ.

ಎಂ.ಎಸ್. ಮುಗಿದಿತ್ತು. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ ಜೂನ್ 15ಕ್ಕೆ ಶುರುವಾಯಿತು. ಅದಕ್ಕೊಂದು ನಿಯಮವಿದೆ. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಭಾನುವಾರವೂ ಲೆಕ್ಕ, ಹಬ್ಬವೂ ಲೆಕ್ಕ. ಅಷ್ಟರಲ್ಲಿ ಓದಿಗೆ ಸಂಬಂಧಿಸಿದ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಇತ್ತ ತೀರ್ಥಹಳ್ಳಿಯಲ್ಲಿ ಮನೆಪತ್ರ ಬ್ಯಾಂಕಿನಲ್ಲಿತ್ತು. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅಮ್ಮ ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುವವಳು. ಇಬ್ಬರ ಸಂಪಾದನೆ ಸೇರಿಸಿದರೂ ನನ್ನ ಸಾಲದ ಬಡ್ಡಿಗೆ ಸಾಲುತ್ತಿರಲಿಲ್ಲ.

ಆ ವರ್ಷ ದೊಡ್ಡ ದೊಡ್ಡ ಕಂಪನಿಗಳೇ ಜನರನ್ನು ಮನೆಗೆ ಕಳಿಸುತ್ತಿದ್ದವು. ಹೊಸಬರನ್ನು ಕೇಳುವವರು ಯಾರು? ಬೆಳಿಗ್ಗೆ ಎದ್ದು ಇಪ್ಪತ್ತು ಅರ್ಜಿ ಹಾಕುವುದು, ಸಂಜೆ ‘ನಿಮ್ಮ ಆಸಕ್ತಿಗೆ ಧನ್ಯವಾದಗಳು’ ಎಂಬ ಮೇಲ್ ಓದುವುದು. ಹದಿನೈದು ದಿನದಲ್ಲಿ ಲ್ಯಾಪ್‌ಟಾಪ್ ತೆರೆಯಲೂ ಹೆದರಿಕೆ ಬಂದಿತ್ತು.

ಗರಾಜಿನ ದೀಪ

ನಾನು ಬಾಡಿಗೆಗಿದ್ದದ್ದು ಒಬ್ಬ ಮುದುಕರ ಮನೆಯ ನೆಲಮಾಳಿಗೆಯಲ್ಲಿ. ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ರಾತ್ರಿ ನಿದ್ದೆ ಬರದೆ ನಾನು ಹೊರಗೆ ಬಂದಾಗಲೆಲ್ಲ ಅವರ ಗರಾಜಿನಲ್ಲಿ ದೀಪ ಉರಿಯುತ್ತಿರುತ್ತಿತ್ತು. ಒಂದು ರಾತ್ರಿ ಇಣುಕಿದೆ. ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸ್. ಅದರ ಬಾಯಲ್ಲಿ ಭತ್ತದ ಕಾಳಿನಷ್ಟಿರುವ ಗಾಳದ ಕೊಕ್ಕೆ. ಮುದುಕರು ದಪ್ಪ ಬೆರಳುಗಳಲ್ಲಿ ಅದಕ್ಕೆ ನೂಲು ಸುತ್ತುತ್ತಿದ್ದರು.

‘ಏನಿದು?’ ಅಂದೆ.

‘ಫ್ಲೈ. ಬ್ರೂಕ್ ಟ್ರೌಟ್ ಮೀನಿಗೆ’ ಅಂದರು. ‘ಸುಮ್ಮನೆ ನಿಲ್ಲಬೇಡ, ಕೂತ್ಕೋ.’

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಮೀನು ಹಿಡಿಯುವ ವಿದ್ಯೆ ಎಂದರೆ ಗಾಳ, ಎರೆಹುಳು, ತುಂಗಾ ನದಿ. ಇಲ್ಲಿ ಎರೆಹುಳುವಿನ ಬದಲು ಕೋಳಿಗರಿ, ಮೊಲದ ತುಪ್ಪಳ, ನವಿರಾದ ತಂತಿ, ನೂಲು. ಇವನ್ನು ಕೊಕ್ಕೆಗೆ ಕಟ್ಟಿ ಹುಳು, ನೊಣ, ಮರಿಮೀನಿನ ಹಾಗೆ ಕಾಣುವಂತೆ ಮಾಡುವುದೇ ‘ಫ್ಲೈ ಟೈಯಿಂಗ್’. ಹಗುರ ಗರಿ ಕಟ್ಟಿದ್ದು ನೀರಿನ ಮೇಲೆ ತೇಲುತ್ತದೆ. ಭಾರದ್ದು ಮುಳುಗಿ, ನೀರಿನಡಿಯ ಮರಿಹುಳುವಿನಂತೆ ಉರುಳಿಕೊಂಡು ಹೋಗುತ್ತದೆ.

ಹೀಗೆ ಮುಳುಗುವವುಗಳಲ್ಲಿ ಒಂದು ಬಗೆ ‘ಜಿಗ್’. ಅದರ ಕೊಕ್ಕೆಯ ಕುತ್ತಿಗೆ ಬಾಗಿರುತ್ತದೆ. ಅಲ್ಲಿ ಸೀಳಿರುವ ಒಂದು ಟಂಗ್‌ಸ್ಟನ್ ಮಣಿ ಕೂರಿಸುತ್ತಾರೆ. ಟಂಗ್‌ಸ್ಟನ್ ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರ. ಹಾಗಾಗಿ ಮಣಿ ಚಿಕ್ಕದಾದರೂ ಬೇಗ ತಳ ಮುಟ್ಟುತ್ತದೆ. ತಲೆಯ ಭಾರಕ್ಕೆ ಕೊಕ್ಕೆ ಮಗುಚಿ ಮುಳ್ಳು ಮೇಲ್ಮುಖವಾಗುವುದರಿಂದ ಕಲ್ಲು, ಬೇರುಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಇಂಜಿನಿಯರಿಂಗ್ ಓದಿದ ನನಗೆ ಅಷ್ಟು ಸಣ್ಣ ವಸ್ತುವಿನೊಳಗೆ ಅಷ್ಟು ಯೋಚನೆ ಕಂಡು ನಾಚಿಕೆಯೇ ಆಯಿತು.

ಹೂವಿನ ನೂಲು

ಮೊದಲು ಕಲಿಸಿದ್ದು ‘ವಾಲ್ಟ್ಸ್ ವರ್ಮ್’. ಪೆನ್ಸಿಲ್ವೇನಿಯಾದವರೇ ಆದ ವಾಲ್ಟ್ ಯಂಗ್ ರೂಪಿಸಿದ, ನೋಡಲು ಏನೂ ಅಲ್ಲದ ಹುಳು. ಕೊಕ್ಕೆಗೆ ಮಣಿ ಪೋಣಿಸಿ ವೈಸ್‌ನಲ್ಲಿ ಬಿಗಿ. ನೂಲಿನಿಂದ ಒಂದು ತಳಪಾಯ ಸುತ್ತು. ಮೊಲದ ತುಪ್ಪಳ ಚೂರೇ ಚೂರು ಕಿತ್ತು ನೂಲಿಗೆ ಹೊಸೆ. ಆ ನೂಲನ್ನು ಹಿಂದಿನಿಂದ ಮುಂದಕ್ಕೆ ಸುತ್ತುತ್ತಾ ಬಾ. ಕೊನೆಗೆ ನೂಲಿನ ಮೇಲೇ ನೂಲು ಸುತ್ತಿ ತುದಿಯನ್ನು ಒಳಗೆಳೆದು ಗಂಟು ಹಾಕು. ಮುಗಿಯಿತು.

ಹೇಳುವುದು ಸುಲಭ. ಮೊದಲ ನಾಲ್ಕು ಸಲ ನೂಲು ತುಂಡಾಯಿತು. ಐದನೆಯದು ಹಲ್ಲಿ ನುಂಗಿ ಉಗಿದ ಹುಳುವಿನಂತಿತ್ತು. ಆರನೆಯ ಸಲ ಮಾತ್ರ ವಿಚಿತ್ರವೊಂದು ನಡೆಯಿತು. ನಾನು ಯೋಚಿಸುವುದನ್ನು ಬಿಟ್ಟೆ, ಬೆರಳು ತಾನಾಗಿ ನಡೆಯಿತು. ಮುದುಕರು ಕನ್ನಡಕ ಏರಿಸಿ ನೋಡಿದರು.

‘ಇದಕ್ಕೆ ಮೊದಲು ಏನು ಕಟ್ಟುತ್ತಿದ್ದೆ ನೀನು?’

‘ಹೂ’ ಅಂದೆ.

ನಿಜ. ಹೈಸ್ಕೂಲು ಮುಗಿಯುವವರೆಗೂ ಬೆಳಿಗ್ಗೆ ಅಮ್ಮನ ಪಕ್ಕ ಕೂತು ಅಬ್ಬಲಿಗೆ, ಮಲ್ಲಿಗೆ ಕಟ್ಟಿದವನು ನಾನು. ನೆನೆಸಿದ ಬಾಳೆನಾರು. ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಮಾರುವ ಹೊತ್ತಿಗೆ ಹೂ ಉದುರುತ್ತದೆ. ನಡುವಿನ ಆ ಹದವನ್ನು ಅಮ್ಮ ಎಂದೂ ಬಾಯಲ್ಲಿ ಹೇಳಿಕೊಟ್ಟಿರಲಿಲ್ಲ. ಗೆಳೆಯರಿಗೆ ಗೊತ್ತಾದರೆ ನಗುತ್ತಾರೆಂದು ನಾನು ಆ ಕೆಲಸವನ್ನು ಮುಚ್ಚಿಟ್ಟಿದ್ದೆ. ರೆಸ್ಯೂಮೆಯಲ್ಲಿ ಹನ್ನೊಂದು ಕೌಶಲಗಳ ಪಟ್ಟಿ ಇತ್ತು. ಆ ಗರಾಜಿನಲ್ಲಿ ಉಪಯೋಗಕ್ಕೆ ಬಂದದ್ದು ಅದರಲ್ಲಿಲ್ಲದ ಹನ್ನೆರಡನೆಯದು.

ಕೆಟ್ಟದಾಗಿ ಕಟ್ಟಿದ್ದನ್ನು ನಾನು ಕಸದಬುಟ್ಟಿಗೆ ಎಸೆಯಲು ಹೋದೆ. ಅವರು ತಡೆದರು. ಒಂದು ಬ್ಲೇಡು ತೆಗೆದು ನೂಲಿನ ಬೆನ್ನ ಮೇಲೆ ಉದ್ದಕ್ಕೆ ಎಳೆದರು. ನೂಲು, ತುಪ್ಪಳ ಎಲ್ಲ ಸಿಪ್ಪೆಯಂತೆ ಬಿದ್ದುಹೋಯಿತು. ಬರಿ ಕೊಕ್ಕೆ ಉಳಿಯಿತು.

‘ಹಾಳಾಗಿದ್ದು ಕಟ್ಟಿದ್ದು. ಕೊಕ್ಕೆಗೇನೂ ಆಗಿಲ್ಲ. ಮತ್ತೆ ಕಟ್ಟು.’

ಹೊಸಬರು ಮಾಡುವ ದೊಡ್ಡ ತಪ್ಪನ್ನೂ ಅಂದೇ ತೋರಿಸಿದರು. ಅಂದ ಹೆಚ್ಚಲಿ ಎಂದು ಗರಿ, ತುಪ್ಪಳ ಎಲ್ಲವನ್ನೂ ತುರುಕುತ್ತಾ ಬಂದು ಕೊಕ್ಕೆಯ ಕಣ್ಣನ್ನೇ ಮುಚ್ಚಿಬಿಡುವುದು. ಆಮೇಲೆ ದಾರ ಪೋಣಿಸಲು ಜಾಗವೇ ಇರುವುದಿಲ್ಲ. ಮೀನು ಮೆಚ್ಚುವ ಮಾತು ಹಾಗಿರಲಿ, ಗಾಳಕ್ಕೇ ಕಟ್ಟಲಾಗದು. ಆ ರಾತ್ರಿ ನನ್ನ ರೆಸ್ಯೂಮೆ ತೆರೆದು ನೋಡಿದೆ. ಎರಡು ಪುಟ, ಗಿಜಿಗಿಜಿ. ಕಣ್ಣು ಮುಚ್ಚಿಹೋಗಿತ್ತು. ಅರ್ಧ ಅಳಿಸಿ ಒಂದು ಪುಟಕ್ಕೆ ಇಳಿಸಿದೆ. ಅದಾದ ಮೇಲೆ ಸಂದರ್ಶನಕ್ಕೆ ಕರೆಗಳು ಬರಲು ಶುರುವಾದವು. ಅದಕ್ಕೇ ಬಂದವೋ, ಕಾಲ ಕೂಡಿಬಂತೋ, ಹೇಳಲಾರೆ.

ಡಬ್ಬಿಯೊಳಗಿನ ಕಾಡುಕೋಳಿ

ಅಲ್ಲಿಂದ ದಿನಚರಿಯೊಂದು ಕೂಡಿಬಂತು. ಹಗಲು ಅರ್ಜಿ, ರಾತ್ರಿ ಒಂದು ಗಂಟೆ ಗರಾಜು. ಕಟ್ಟುತ್ತಾ ಮುದುಕರು ಕಥೆ ಹೇಳುತ್ತಿದ್ದರು. ‘ಆಡಮ್ಸ್’ ಎಂಬ ಪ್ರಸಿದ್ಧ ಫ್ಲೈ 1922ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದ್ದು. ‘ವೂಲಿ ಬಗರ್’ ಅವರದೇ ರಾಜ್ಯದ್ದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ವೆ ಎಂಬವರು 1947ರಲ್ಲೇ ಫ್ಲೈ ಮೀನುಗಾರಿಕೆಯನ್ನು ಅಂಕ ಸಿಗುವ ಕೋರ್ಸನ್ನಾಗಿ ಕಲಿಸತೊಡಗಿದ್ದರಂತೆ. ಈಗ ಅಮೆರಿಕದ ಅಂಗಡಿಗಳಲ್ಲಿ ಸಿಗುವ ಫ್ಲೈಗಳಲ್ಲಿ ಬಹಳಷ್ಟು ಕೀನ್ಯಾ, ಥಾಯ್ಲೆಂಡ್, ಶ್ರೀಲಂಕಾಗಳಲ್ಲಿ ಕೈಯಿಂದ ಕಟ್ಟಿದವು. ಎಂದೂ ಟ್ರೌಟ್ ಹಿಡಿಯದ ಎಷ್ಟೋ ಕೈಗಳು ಈ ಮೀನಿಗೆ ಹುಳು ಕಟ್ಟುತ್ತಿವೆ ಎಂದು ಕೇಳಿದಾಗ, ತಾನು ಮುಡಿಯದ ಹೂವನ್ನು ಮೊಳ ಹಾಕಿ ಮಾರುವ ಅಮ್ಮ ನೆನಪಾದಳು.

ನನ್ನ ಕೈ ಕುದುರಿದ ಮೇಲೆ ಒಮ್ಮೆ, ‘ಡಜನ್‌ಗೆ ಇಷ್ಟು ಅಂತ ಅಂಗಡಿಗೆ ಕೊಡೋಣ’ ಅಂದರು. ವೀಸಾ ಒಪ್ಪುವುದಿಲ್ಲ ಅಂದೆ. ಓದಿಗೆ ಸಂಬಂಧವಿಲ್ಲದ ಕೆಲಸಕ್ಕೆ ಒಂದು ಡಾಲರ್ ತೆಗೆದುಕೊಂಡರೂ ತಪ್ಪು. ‘ಹಾಗಾದರೆ ಮೀನಿಗೇ ಕೊಡೋಣ ಬಿಡು’ ಅಂತ ನಕ್ಕರು.

ಒಂದು ರಾತ್ರಿ ಅವರ ಮಾವನ ಕಾಲದ ತಗಡಿನ ಡಬ್ಬಿ ಹೊರಬಂತು. ನುಸಿಗುಳಿಗೆಯ ವಾಸನೆ. ಒಳಗೆ ಒಂದು ಹಕ್ಕಿಯ ಕುತ್ತಿಗೆಯ ಚರ್ಮ, ಗರಿ ಸಮೇತ. ಬೂದು ಕಪ್ಪಿನ ಗರಿಗಳ ತುದಿಯಲ್ಲಿ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಕೆನೆಬಣ್ಣದ ಚುಕ್ಕೆಗಳು. ‘ಜಂಗಲ್ ಕಾಕ್. ಮರಿಮೀನಿನ ಕಣ್ಣಿನ ಹಾಗೆ ಕಾಣಲು ಇದನ್ನು ಕಟ್ಟುತ್ತಿದ್ದರು. ನಿಮ್ಮ ದೇಶದ್ದು’ ಅಂದರು.

ನನಗೆ ಹೇಳಬೇಕೇ! ನಮ್ಮ ಕಾಡುಕೋಳಿ. ಅಜ್ಜಿಮನೆಯ ತೋಟದ ಹಿಂದಿನ ಹಾಡ್ಯದಿಂದ ನಸುಕಿನಲ್ಲಿ ಕೂಗುತ್ತಿದ್ದದ್ದು. ಪಶ್ಚಿಮ ಘಟ್ಟದ ಈ ಹಕ್ಕಿಯ ಗರಿ ಬ್ರಿಟಿಷರ ಕಾಲದಲ್ಲಿ ಸಾಲ್ಮನ್ ಮೀನಿನ ಫ್ಲೈ ಕಟ್ಟಲೆಂದು ಹಡಗು ಹತ್ತುತ್ತಿತ್ತು. ಭಾರತ ದಶಕಗಳ ಹಿಂದೆಯೇ ರಫ್ತು ನಿಲ್ಲಿಸಿತು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಬಂತು. ಈಗ ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ, ಇಲ್ಲವೇ ಬಣ್ಣ ಬಳಿದ ನಕಲಿ. ಡಬ್ಬಿಯಲ್ಲಿದ್ದದ್ದು ರಫ್ತು ನಿಲ್ಲುವ ಮುಂಚಿನದು. ನಾನು ಆ ಗರಿ ಮುಟ್ಟಿ ಎಷ್ಟೋ ಹೊತ್ತು ಸುಮ್ಮನಿದ್ದೆ. ಸಾಗರ ದಾಟಿ ಬಂದು ಡಬ್ಬಿಯೊಳಗೆ ಕೂತ ನಮ್ಮೂರಿನ ಇನ್ನೊಂದು ಜೀವ. ಅದಕ್ಕೆ ಯಾರೂ ಹಿಂದಕ್ಕೆ ಹೋಗು ಎಂದಿರಲಿಲ್ಲ. ಹೋಗುವಂತೆಯೂ ಇರಲಿಲ್ಲ.

ಹಳ್ಳದಲ್ಲಿ

ಮೀನುಗಾರಿಕೆಯ ಪರವಾನಗಿ, ಟ್ರೌಟ್‌ಗೆ ಪ್ರತ್ಯೇಕ ಅನುಮತಿ ಎರಡನ್ನೂ ತೆಗೆಸಿಕೊಂಡು ಮೊದಲ ಸಲ ಬೆಟ್ಟದ ಹಳ್ಳಕ್ಕೆ ಹೋದದ್ದು ನನ್ನ 38ನೇ ದಿನ. ಒಂದು ಗಂಟೆ ಕಾರು, ಅರ್ಧ ಗಂಟೆ ನಡಿಗೆ. ಹೆಮ್ಲಾಕ್ ಮರಗಳ ನೆರಳು, ಇಕ್ಕೆಲದಲ್ಲಿ ರೋಡೋಡೆಂಡ್ರಾನ್ ಪೊದೆ. ಮಲೆನಾಡಿನಂತೆಯೇ, ಜಿಗಣೆ ಒಂದಿಲ್ಲ.

ಮುದುಕರು ನೀರಿಗೆ ಥರ್ಮಾಮೀಟರ್ ಇಳಿಸಿದರು. ನೋಡಿದರು. ಗಾಳದ ಕೋಲನ್ನು ಮತ್ತೆ ಚೀಲಕ್ಕೆ ಹಾಕಿದರು.

‘ವಾಪಸ್ ಹೋಗೋಣ.’

ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬ್ರೂಕ್ ಟ್ರೌಟ್ ತಣ್ಣೀರಿನ ಮೀನು. ನೀರು ಬೆಚ್ಚಗಾದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಹಿಡಿದು ಸೆಣಸಾಡಿಸಿದರೆ, ಬಿಟ್ಟ ಮೇಲೂ ಸಾಯಬಹುದು. ನನಗೆ ಸಿಟ್ಟು ಬಂತು. ಒಂದೊಂದು ದಿನವೂ ಎಣಿಸಿಟ್ಟ ಕಾಸಿನಂತಿರುವಾಗ ಒಂದು ದಿನ ಹಾಳು! ಕಾರಿನಲ್ಲಿ ಮಾತಾಡದೆ ಕೂತೆ. ಅವರೇ ಹೇಳಿದರು: ‘ನಾವು ಬಂದಿದ್ದೀವಿ ಅಂತ ಹಳ್ಳ ತಣ್ಣಗಾಗಲ್ಲ. ನಿನ್ನ ತಪ್ಪೂ ಇಲ್ಲ, ನೊಣದ ತಪ್ಪೂ ಇಲ್ಲ. ನೀರು ಸರಿ ಇಲ್ಲ, ಅಷ್ಟೆ.’

ಅವರು ಹೇಳಿದ್ದು ಹಳ್ಳದ ಮಾತು. ನಾನು ಕೇಳಿಸಿಕೊಂಡದ್ದು ಬೇರೆಯದೇ. ಐದು ವಾರ ‘ನನ್ನಲ್ಲೇ ಏನೋ ಕೊರತೆ’ ಎಂದು ಕೊರಗಿದ್ದ ನನಗೆ, ಮಾರುಕಟ್ಟೆಗೂ ಒಂದು ಉಷ್ಣಾಂಶವಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಈ ಮೀನಿನ ಕಥೆಯೂ ಹಾಗೆಯೇ. 1970ರಿಂದ ಅದು ಪೆನ್ಸಿಲ್ವೇನಿಯಾದ ರಾಜ್ಯಮೀನು. ಅಲ್ಲಿನ ತೊರೆಗಳ ಮೂಲನಿವಾಸಿ ಟ್ರೌಟ್ ಅದೊಂದೇ. ಅದೂ ನಿಜವಾಗಿ ಟ್ರೌಟ್ ಅಲ್ಲ, ‘ಚಾರ್’ ಎಂಬ ಬಳಗದ್ದು. ಕಾಡು ಕಡಿದದ್ದಕ್ಕೆ ನೆರಳು ಹೋಯಿತು. ಕಲ್ಲಿದ್ದಲು ಗಣಿಗಳಿಂದ ಆಮ್ಲದ ನೀರು ಹರಿದು ಎಷ್ಟೋ ತೊರೆಗಳು ಸತ್ತವು. ಯುರೋಪಿನ ಬ್ರೌನ್ ಟ್ರೌಟ್ 1880ರ ದಶಕದಲ್ಲಿ ಅಮೆರಿಕಕ್ಕೆ ಮೊಟ್ಟೆಯ ರೂಪದಲ್ಲಿ ಬಂದಿಳಿಯಿತು, ವೀಸಾ ಇಲ್ಲದೆ! ಪಶ್ಚಿಮದ ರೇನ್‌ಬೋ ಟ್ರೌಟನ್ನೂ ತಂದು ಬಿಟ್ಟರು. ಮೂಲದ ಮೀನು ಹಿಂದೆ ಸರಿಯುತ್ತಾ ಬೆಟ್ಟದ ನೆತ್ತಿಯ ತಣ್ಣನೆಯ ಕಿರುಹಳ್ಳಗಳಲ್ಲಿ ಉಳಿದುಕೊಂಡಿದೆ.

ಅಂಥ ಹಳ್ಳಗಳಲ್ಲಿ ಆಹಾರ ಕಡಿಮೆ. ಹಾಗಾಗಿ ಮೀನು ಆರಿಸುತ್ತಾ ಕೂರುವುದಿಲ್ಲ, ಬಂದದ್ದಕ್ಕೆ ಬಾಯಿ ಹಾಕುತ್ತದೆ. ಫ್ಲೈ ನಿಜವಾದ ಹುಳುವಿನ ಪಡಿಯಚ್ಚು ಆಗಬೇಕಿಲ್ಲ. ಗಾತ್ರ ಸರಿಯಿರಬೇಕು, ಭಾರ ಸರಿಯಿರಬೇಕು, ಮೀನಿರುವ ಆಳಕ್ಕೆ ಇಳಿಯಬೇಕು. ಆದರೆ ನಮ್ಮ ನೆರಳು ನೀರಿನ ಮೇಲೆ ಬಿದ್ದರೆ ಮುಗಿಯಿತು, ಇಡೀ ಗುಂಡಿ ಖಾಲಿ.

71ನೇ ದಿನ ಇನ್ನೊಂದು ಹಳ್ಳಕ್ಕೆ ಹೋದೆವು. ಒರತೆಯ ನೀರು, 15 ಡಿಗ್ರಿ. ಪೊದೆಗಳ ನಡುವೆ ಕೋಲು ಬೀಸಲು ಜಾಗವಿಲ್ಲ. ಕೋಲನ್ನು ಬಿಲ್ಲಿನಂತೆ ಬಾಗಿಸಿ, ಫ್ಲೈ ಹಿಡಿದು ಬಿಟ್ಟರೆ ಅದು ಬಾಣದಂತೆ ಹೋಗಿ ಬೀಳಬೇಕು. ಮಂಡಿಯೂರಿ ಕೂತು ನಾನು ಕಟ್ಟಿದ 14ನೇ ನಂಬರಿನ ಜಿಗ್ ಬಿಟ್ಟೆ. ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು. ಎರಡು ಬಾರಿ ಬರಿದೇ ತೇಲಿತು. ಮೂರನೇ ಬಾರಿ ದಾರ ತಡೆದು ನಿಂತಿತು. ಕಲ್ಲಿರಬೇಕು ಎಂದು ಎತ್ತಿದೆ. ಕಲ್ಲು ಓಡತೊಡಗಿತು.

ಅಂಗೈಗಿಂತ ಸ್ವಲ್ಪ ಉದ್ದದ ಮೀನು. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಒಣಕೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ಸೋಂಕಾಗುತ್ತದೆ. ಬೆನ್ನ ಮೇಲೆ ಹುಳು ಹರಿದಂಥ ಗೆರೆಗಳು. ಪಕ್ಕೆಯಲ್ಲಿ ಕುಂಕುಮದ ಬೊಟ್ಟುಗಳು, ಒಂದೊಂದರ ಸುತ್ತ ನೀಲಿ ಉಂಗುರ. ಕೆಂಪು ಈಜುರೆಕ್ಕೆಗೆ ಅಚ್ಚ ಬಿಳಿ ಅಂಚು. ಕೊಕ್ಕೆಯ ಒಳಮುಳ್ಳನ್ನು ಮೊದಲೇ ಇಕ್ಕಳದಿಂದ ಚಪ್ಪಟೆ ಮಾಡಿದ್ದರಿಂದ ಸುಲಭವಾಗಿ ಬಿಟ್ಟುಕೊಂಡಿತು. ಶೃಂಗೇರಿಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ್ದು ನೆನಪಾಯಿತು. ಇಲ್ಲಿ ನಾನು ಹಾಕಿದ್ದು ಸುಳ್ಳು ಊಟ. ಹಿಡಿದು ಬಿಡುವುದೂ ಮೀನಿಗೆ ನೋವೇ ಅಲ್ಲವೇ ಎಂದು ಕೇಳಿದೆ. ‘ಹೌದು’ ಅಂದರು ಮುದುಕರು. ‘ಅದಕ್ಕೇ ಎರಡು ಸಿಕ್ಕರೆ ಸಾಕು. ಉಳಿದ ದಿನ ಈ ಹಳ್ಳದ ದಂಡೆಗೆ ಗಿಡ ನೆಡಲು ಬರ್ತೀನಿ.’ ಅಂದು ಅಂಗೈಯನ್ನು ನೀರಿನಲ್ಲಿ ತೆರೆದೆ. ಮೀನು ಒಂದು ಕ್ಷಣ ಬೆರಳ ನಡುವೆ ನಿಂತು, ಇದ್ದಕ್ಕಿದ್ದಂತೆ ಇಲ್ಲವಾಯಿತು.

ಅಂದು ರಾತ್ರಿ ಎರಡೂವರೆ ತಿಂಗಳಲ್ಲಿ ಮೊದಲ ಸಲ ಎಂಟು ಗಂಟೆ ನಿದ್ದೆ ಮಾಡಿದೆ.

ಕೊಕ್ಕೆ ಉಳಿದಿತ್ತು

ಇಲ್ಲಿ ‘ಆಮೇಲೆ ನನಗೆ ಕೆಲಸ ಸಿಕ್ಕಿತು’ ಎಂದು ಬರೆಯುವ ಆಸೆ ನನಗೂ ಇದೆ. ಸಿಗಲಿಲ್ಲ. 79ನೇ ದಿನ ಒಂದು ಕಂಪನಿಯ ಕೊನೆಯ ಸುತ್ತಿನವರೆಗೆ ಹೋದೆ. 84ನೇ ದಿನ ‘ಧನ್ಯವಾದಗಳು’ ಬಂತು. 88ನೇ ದಿನ, ಸೆಪ್ಟೆಂಬರ್ 10ಕ್ಕೆ, ವಿಮಾನ ಹತ್ತಿದೆ.

ಹೊರಡುವ ಮುನ್ನ ಮುದುಕರು ಡಬ್ಬಿ ತೆರೆದು ಒಂದು ಕಾಡುಕೋಳಿ ಗರಿ ಕೊಡಲು ಬಂದರು. ಬೇಡ ಅಂದೆ. ಕಾನೂನಿನ ಭಯವೂ ಇತ್ತು. ಅದಕ್ಕಿಂತ ಹೆಚ್ಚಾಗಿ, ನನಗೆ ಅದರ ಕೂಗು ಕೇಳುವ ಜಾಗಕ್ಕೇ ಹೋಗುವುದಿತ್ತು. ಅವರು ತಮ್ಮ ಹಳೆಯ ವೈಸ್ ಕೊಟ್ಟರು. ಜೊತೆಗೆ ಹಾಳೆಯಲ್ಲಿ ಸುತ್ತಿದ ಒಂದು ಬ್ಲೇಡು.

ಊರಿಗೆ ಬಂದ ಮೊದಲ ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ‘ಯಾವಾಗ ವಾಪಸ್ ಹೋಗೋದು?’ ಎಂದು ಕೇಳುವವರಿಗೆ ಉತ್ತರವಿರಲಿಲ್ಲ. ಅಪ್ಪ ಏನೂ ಕೇಳಲಿಲ್ಲ, ಅದೇ ಹೆಚ್ಚು ನೋಯುತ್ತಿತ್ತು. ಒಂದು ಸಂಜೆ ಅಡುಗೆಮನೆಯ ಮೇಜಿಗೆ ವೈಸ್ ಬಿಗಿದು ಸುಮ್ಮನೆ ನೂಲು ಸುತ್ತುತ್ತಿದ್ದೆ. ಅಮ್ಮ ಹೂವಿನ ಬುಟ್ಟಿ ಇಳಿಸಿ ಪಕ್ಕ ಬಂದು ನಿಂತಳು.

‘ಎಂತ ಮಾರಾಯ ಇದು, ನೊಣನಾ?’

ಹೇಳಿದೆ. ಗರಾಜು, ಮುದುಕರು, ಹಳ್ಳ, ಮೀನು, 88 ದಿನ. ಅದುವರೆಗೆ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದಷ್ಟೇ ಹೇಳಿದ್ದವನು ಅಂದು ಎಲ್ಲವನ್ನೂ ಹೇಳಿದೆ. ಅಮ್ಮ ಕೇಳುತ್ತಲೇ ಕುರ್ಚಿ ಎಳೆದುಕೊಂಡು ಕೂತಳು. ಕೊಕ್ಕೆ ನೋಡಿದಳು. ‘ತಾ ಇಲ್ಲಿ’ ಅಂದಳು. ಹತ್ತೇ ನಿಮಿಷ. ಒಂದು ಸುತ್ತೂ ಮೇಲೆ ಕೆಳಗಾಗದ, ಕಣ್ಣಿನ ಹತ್ತಿರ ಸರಿಯಾಗಿ ಜಾಗ ಬಿಟ್ಟ ಹುಳು. ನನ್ನ ಅಷ್ಟೂ ದಿನದ ವಿದ್ಯೆ ಅದರ ಮುಂದೆ ಏನೂ ಅಲ್ಲ.

‘ಇದಕ್ಕಾ ಅಷ್ಟು ದೂರ ಹೋಗಿದ್ದು?’ ಅಂತ ನಕ್ಕಳು. ನಾನೂ ನಕ್ಕೆ. ಮಾರನೆಯ ದಿನ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಲು ಕೂತೆ.

ನಾಲ್ಕು ತಿಂಗಳಾದ ಮೇಲೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಕನಸಿನ ಸಂಬಳವಲ್ಲ. ಸಾಲದ ಕಂತು ಕಟ್ಟಿ, ಬಾಡಿಗೆ ಕೊಟ್ಟು, ಚೂರು ಉಳಿಯುತ್ತದೆ. ಮನೆಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ, ಆದರೆ ಕಂತು ಒಂದೂ ತಪ್ಪಿಲ್ಲ. ವೈಸ್ ನನ್ನ ರೂಮಿನ ಮೇಜಿಗಿದೆ. ಇಲ್ಲಿ ಬ್ರೂಕ್ ಟ್ರೌಟ್ ಇಲ್ಲ. ಕಟ್ಟಿದ್ದನ್ನು ವರ್ಷಕ್ಕೊಮ್ಮೆ ಪೊಟ್ಟಣ ಮಾಡಿ ಮುದುಕರಿಗೆ ಕಳಿಸುತ್ತೇನೆ. ಅದರಲ್ಲಿ ನಾಲ್ಕಾದರೂ ಅಮ್ಮ ಕಟ್ಟಿದವು ಇರುತ್ತವೆ. ಯಾವುವು ಅಂತ ನಾನು ಬರೆಯುವುದಿಲ್ಲ. ಅವರು ಪ್ರತಿಸಲವೂ ಸರಿಯಾಗಿ ಗುರುತಿಸುತ್ತಾರೆ.

ಈಗ ಕೆಲಸ ಹುಡುಕುತ್ತಿರುವ ನಿಮಗೆ ಉಪದೇಶ ಹೇಳುವಷ್ಟು ದೊಡ್ಡವನಲ್ಲ ನಾನು. ತಿರಸ್ಕಾರದ ಮೇಲ್ ಬಂದ ರಾತ್ರಿ ನಾನು ಮಾಡುವುದನ್ನಷ್ಟೇ ಹೇಳಬಲ್ಲೆ. ಮೊದಲು ನೀರಿನ ಉಷ್ಣಾಂಶ ನೋಡುತ್ತೇನೆ, ಎಲ್ಲ ಸೋಲೂ ನನ್ನದೇ ಆಗಿರಬೇಕಿಲ್ಲ. ಆಮೇಲೆ ಕಟ್ಟಿದ್ದನ್ನು ನೋಡುತ್ತೇನೆ, ಕೆಟ್ಟಿದ್ದರೆ ಬ್ಲೇಡು ಎಳೆಯುತ್ತೇನೆ. ನೂಲು ಬೀಳುತ್ತದೆ, ಗರಿ ಬೀಳುತ್ತದೆ. ಕೊಕ್ಕೆ ಹಾಗೇ ಇರುತ್ತದೆ.